ಅಟ್ಟದಲ್ಲಿ ಉಳಿದ ಉಸಿರು

ಶಿವರಾತ್ರಿ ಕಳೆದಿತ್ತು. ಜಾವಗಲ್ಲಿನ ಬಿಸಿಲಿಗೆ ಒಗೆದ ಸೀರೆ ಹರವಿ ಒಳಗೆ ಬರುವಷ್ಟರಲ್ಲಿ ಒಣಗುತ್ತಿತ್ತು. ಅಂಥ ದಿನ ಶಾಂತಾದೇವಿ ಅಟ್ಟ ಹತ್ತಿ ಒಂದು ತೆಂಗಿನಕಾಯಿ ತೆಗೆದು ಕಿವಿಯ ಬಳಿ ಅಲ್ಲಾಡಿಸಿದಳು. ಒಳಗೆ ನೀರು ಕುಲುಕಿತು. ಇನ್ನೊಂದು ತೆಗೆದಳು, ಅದರಲ್ಲೂ ನೀರು. ಹೋದ ಬೇಸಿಗೆಯಲ್ಲಿ ಅಟ್ಟಕ್ಕೇರಿಸಿದ ಕಾಯಿ! ಇಷ್ಟು ಹೊತ್ತಿಗೆ ನೀರೆಲ್ಲ ಆವಿಯಾಗಿ ಹೋಗಿ, ಕೊಬ್ಬರಿ ಚಿಪ್ಪು ಬಿಟ್ಟು ಲೊಟಲೊಟ ಎನ್ನಬೇಕಿತ್ತು.

ಅಟ್ಟದ ಗಾಳಿ ಬೆಚ್ಚಗೆ, ಒದ್ದೆಯಾಗಿ, ಯಾರೋ ಮುಖದ ಹತ್ತಿರ ಮುಖ ತಂದು ಉಸಿರು ಬಿಟ್ಟಂತಿತ್ತು. ಅವಳು ಹೆದರಲಿಲ್ಲ. ಅದು ಯಾರ ಉಸಿರೆಂದು ಅವಳಿಗೆ ಗೊತ್ತಿತ್ತು.

ಈ ಕಾಯಿಗಳನ್ನು ಜೋಡಿಸಿದವರು ಅವಳ ಗಂಡ ಷಡಕ್ಷರಪ್ಪ. ಆಳುಗಳ ಕೆಲಸ ಎಂದೂ ಹಿಡಿಸದ ಹಟಮಾರಿ. ಮಾತೂ ಕಡಿಮೆ. ಪ್ರತಿವರ್ಷ ಮೊದಲು ಒಣಗಿದ ಕಾಯಿಯನ್ನು ಅಡುಗೆಮನೆಗೆ ತಂದು, ಸುಮ್ಮನೆ ಅವಳ ಬಲಗಿವಿಯ ಪಕ್ಕ ಎರಡು ಸಲ ಅಲ್ಲಾಡಿಸಿ ಹೋಗುತ್ತಿದ್ದರು. ಹೋದ ವರ್ಷ ಕೊನೆಯ ಸಾಲು ಮುಗಿಸಿ, ಎದೆ ಹಿಡಿದುಕೊಂಡು ಅಟ್ಟದಲ್ಲೇ ಕೂತವರು ಏಳಲಿಲ್ಲ. ಮಣ್ಣು ಮಾಡಿ ಬಂದ ಸಂಜೆಯೇ ಶಾಂತಾದೇವಿ ಅಟ್ಟದ ಕಿಂಡಿಗಳಿಗೆಲ್ಲ ಗೋಣಿಚೀಲ ತುರುಕಿದಳು. ಕೇಳಿದವರಿಗೆ ಬಾವಲಿ ಕಾಟ ಎಂದಳು. ಬಾವಲಿಯೂ ಇಲ್ಲ, ಗೀವಲಿಯೂ ಇಲ್ಲ. ಅವರ ಕೊನೆಯ ಉಸಿರು ಅಲ್ಲೇ ಇದೆ, ಅದು ಹೊರಗೆ ಹೋಗಬಾರದು, ಅಷ್ಟೆ.

ಪಕ್ಕದ ಮನೆಯ ಮೈದುನ ಇಂದುಧರ ಅಟ್ಟ ಹತ್ತಿ ಬಂದು, ಕಾಯಿಗಳ ಮೇಲಿನ ಬೂಷ್ಟು ನೋಡಿ ತಲೆ ಚಚ್ಚಿಕೊಂಡ.

"ಅತ್ತಿಗೆ, ಗಾಳಿಗೂ ಹೊಟ್ಟೆ ಅಂತ ಒಂದೈತೆ ಕಣ್ರೀ. ಕಾಯಿ ಬಿಟ್ಟ ನೀರೆಲ್ಲ ಕುಡ್ಕಂಡು ತುಂಬ್ಕಂಡೈತೆ, ಇನ್ನೆಲ್ಲಿ ಹೀರ್ತದೆ? ಮಳೆಗಾಲದಾಗೆ ಬೇಲೂರು ಕಡೆ ಗಾಳಿ ನೀರು ಹೊತ್ಕಂಡೇ ಬತ್ತದೆ, ಆಗ ಮುಚ್ಚಿದ್ರೆ ಸರಿ. ಈಗ ಅರಸೀಕೆರೆ ಕಡೆಯಿಂದ ಒಣ ಬಿಸಿಗಾಳಿ ಬೀಸ್ತಾ ಐತೆ. ಕಿಂಡಿ ಬಿಚ್ಚಿ. ಇಲ್ಲಾಂದ್ರೆ ಅಣ್ಣ ಜೋಡಿಸಿದ್ದೆಲ್ಲ ಕೊಳೆತೋಯ್ತದೆ."

"ಬಿಚ್ಚಿದ್ರೆ ಅವರೂ ಹೋಗ್ಬಿಡ್ತಾರೆ ಕಣೋ."

ಇಂದುಧರ ಬೂಷ್ಟು ಹಿಡಿದ ಕಾಯಿಯೊಂದನ್ನು ಅವಳ ಮುಂದಿಟ್ಟ. ಏಣಿ ಇಳಿದು ಹೋದ.

ಶಾಂತಾದೇವಿಗೆ ಗಂಡನ ಮೇಲೆ ಸಿಟ್ಟು ಬಂತು. ಉಸಿರು ಉಳಿಸಿಕೊಂಡರೆ ಅವರ ಕೈಯ ಕೊನೆಯ ಕೆಲಸ ಕೊಳೆಯುತ್ತದೆ. ಕೆಲಸ ಉಳಿಸಿದರೆ ಉಸಿರಿಲ್ಲ. ಬದುಕಿದ್ದಿದ್ದರೆ ಅವರು ಯಾವುದನ್ನು ಉಳಿಸು ಎನ್ನುತ್ತಿದ್ದರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಈ ಸಿಟ್ಟು.

ಮೊದಲ ಚೀಲ ಎಳೆದಳು. ಬಿಸಿಗಾಳಿ ಒಳಗೆ ನುಗ್ಗಿತು. ಆ ಗಾಳಿಗೆ ಎದುರಾಗಿ, ಅಟ್ಟದ ಕತ್ತಲಿನಿಂದ, ಒದ್ದೆ ಉಸಿರೊಂದು ಬಂದು ಅವಳ ಮುಖಕ್ಕೆ ತಾಗಿತು. ಕನ್ನಡಕದ ಗಾಜು ಬೆಳ್ಳಗಾಯಿತು. ಸೆರಗಿನಲ್ಲಿ ಒರೆಸಿ ನೋಡುವಷ್ಟರಲ್ಲಿ ಏನೂ ಇಲ್ಲ, ಬರೀ ಅಟ್ಟ. ಶಾಂತಾದೇವಿ ಕಾಯಿಗಳ ನಡುವೆ ಕೂತು ಗೊಳೋ ಎಂದು ಅತ್ತಳು.

ಯುಗಾದಿ ಮುಗಿದ ಮೇಲೆ ಒಂದು ಸಂಜೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮೇಲೆ ಲೊಟಲೊಟ ಎಂದಿತು. ನಿಂತಿತು. ಮತ್ತೆ ಎಂದಿತು. ಇಲಿ ಎಂದುಕೊಂಡಳು. ಆದರೆ ಇಲಿ ಒಂದು ಕಾಯಿಯನ್ನು ಎತ್ತಿ ಅಲ್ಲಾಡಿಸಿ, ಮೆಲ್ಲಗೆ ಕೆಳಗಿಟ್ಟು, ಪಕ್ಕದ್ದನ್ನು ಎತ್ತುವುದಿಲ್ಲ. ಹಿಟ್ಟಿನ ಮೇಲೆ ಅವಳ ಕೈ ನಿಂತಿತು.

"ಒಣಗಿದ್ವಾ ರೀ?" ಕೇಳಿಯೇಬಿಟ್ಟಳು.

ಅಟ್ಟದ ಸದ್ದು ನಿಂತಿತು. ಏಣಿ ಕಿರುಗುಟ್ಟಲಿಲ್ಲ, ಹೆಜ್ಜೆ ಕೇಳಿಸಲಿಲ್ಲ. ಅವಳ ಬಲಗಿವಿಯ ಪಕ್ಕದಲ್ಲೇ ಒಣಗಿದ ಕಾಯಿಯೊಂದು ಎರಡು ಸಲ ಅಲುಗಿತು.