ರೈಟರ್ ಬಸವರಾಜು ಕೂರುತ್ತಿದ್ದ ಬಂಡೆ

ಬಸವರಾಜು ತೀರಿಕೊಂಡು ಒಂಬತ್ತು ತಿಂಗಳಾದ ಮೇಲೆ ಅವರ ಹೆಂಡತಿ ಸುಲೋಚನಮ್ಮ ಮತ್ತೆ ಹೊಂಗಡಹಳ್ಳಕ್ಕೆ ಬಂದರು. ಎರಡು ಸಾವಿರದ ಒಂದನೇ ಇಸವಿಯ ಡಿಸೆಂಬರ್. ತೋಟಗಳಲ್ಲಿ ಕಾಫಿ ಕೊಯ್ಲು ಶುರುವಾಗಿತ್ತು. ಬಸವರಾಜು ಅಲ್ಲಿನ ಎಸ್ಟೇಟೊಂದರಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ, ಹಾಜರಿ ಬರೆಯುವ ರೈಟರ್ ಆಗಿದ್ದವರು. ಅವರು ತೀರಿಕೊಂಡ ಒಂದು ತಿಂಗಳೊಳಗೆ ಕ್ವಾರ್ಟರ್ಸ್ ಬಿಟ್ಟುಕೊಟ್ಟು ಸುಲೋಚನಮ್ಮ ಕೆ. ಹೊಸಕೋಟೆಯಲ್ಲಿದ್ದ ಮಗಳು ತನುಜಾಳ ಮನೆ ಸೇರಿದ್ದರು. ಸ್ಟೋರ್ ಕೀಪರನ ಹೆಂಡತಿ ಈರಮ್ಮನ ಹತ್ತಿರ ಬಿಟ್ಟಿದ್ದ ಪಾತ್ರೆಗಳನ್ನು ತರಬೇಕು ಎಂದು ಮಗಳಿಗೆ ಹೇಳಿ ಬಸ್ಸು ಹತ್ತಿದ್ದರು. ಪಾತ್ರೆ ಒಂದು ನೆಪ. ಗಂಡ ಸತ್ತ ಜಾಗವನ್ನು ಅವರು ಇನ್ನೂ ಕಣ್ಣಲ್ಲಿ ಕಂಡಿರಲಿಲ್ಲ.

ಬಸವರಾಜುವಿಗೆ ಹಕ್ಕಿಗಳ ಹುಚ್ಚು. ಭಾನುವಾರ ಬೆಳಗಾಯಿತೆಂದರೆ ಕೊರಳಿಗೆ ದುರ್ಬೀನು ತಗುಲಿಸಿಕೊಂಡು, ಜೇಬಿನಲ್ಲಿ ಚಿಕ್ಕ ನೋಟ್‌ಬುಕ್ ಇಟ್ಟುಕೊಂಡು ಬಿಸಿಲೆ ಕಡೆಯ ಕಾಡಿಗೆ ಹೊರಟುಬಿಡುವರು. ಜೊತೆಗೆ ಕುಳ್ಳಯ್ಯ. ಅವನು ಎಸ್ಟೇಟಿನ ಕೂಲಿಗಳ ಲೈನ್ ಮನೆಯವನು, ಕಾಫಿಗೆ ನೆರಳು ಹೆಚ್ಚಾದರೆ ಮರ ಹತ್ತಿ ಕೊಂಬೆ ಸವರುವವನು. ಅವನ ಕೈಯಲ್ಲಿ ಗಾಳದ ಕೋಲು, ಎರೆಹುಳು ತುಂಬಿದ ತೆಂಗಿನ ಚಿಪ್ಪು. ಬಸವರಾಜು ಲಿಂಗ ಕಟ್ಟಿದವರು, ಮೀನಿನ ವಾಸನೆ ಬಂದರೂ ದೂರ ಸರಿಯುವವರು. ಆದರೂ ಇಬ್ಬರೂ ಹೊಳೆಯ ಒಂದೇ ಬಂಡೆಯ ಮೇಲೆ, ಒಬ್ಬ ಮೇಲೆ ನೋಡಿಕೊಂಡು ಒಬ್ಬ ಕೆಳಗೆ ನೋಡಿಕೊಂಡು, ಮಧ್ಯಾಹ್ನದವರೆಗೆ ಕೂತಿರುತ್ತಿದ್ದರು.

ಈ ಎಸ್ಟೇಟಿಗೆ ಬಂದ ಹೊಸದರಲ್ಲಿ ಸುಲೋಚನಮ್ಮ ಒಂದು ಸಲ, “ನಾನೂ ಬರ್ಲಾ?” ಎಂದು ಕೇಳಿದ್ದುಂಟು. “ನಿಂಗೆ ಇಂಬಳ ಅಂದ್ರೆ ಆಗಲ್ಲವಲ್ಲೇ” ಎಂದು ಗಂಡ ನಕ್ಕರು. ಅದು ಆಷಾಢದ ಮಾತು, ಕಾಲಿಗೆ ಹತ್ತಿ ರಕ್ತ ಹೀರುವ ಇಂಬಳಗಳ ಕಾಲ. ಇಂಬಳ ಕಾಣದ ಬೇಸಿಗೆಯೂ ಬಂತು, ಹೋಯಿತು. ಅವರು ಕರೆಯಲಿಲ್ಲ, ಇವರು ಮತ್ತೆ ಕೇಳಲಿಲ್ಲ. ಹಾಗೇ ವರ್ಷಗಟ್ಟಲೆ ಭಾನುವಾರಗಳು ಕಳೆದುಹೋದವು. ಈ ವರ್ಷದ ಮಾರ್ಚ್ ತಿಂಗಳ ಒಂದು ಭಾನುವಾರ ಕುಳ್ಳಯ್ಯ ಬಸವರಾಜುವನ್ನು ಬೆನ್ನ ಮೇಲೆ ಹೊತ್ತುಕೊಂಡು ರಸ್ತೆಗೆ ತಂದ. ಯಾರದೋ ಜೀಪಿನಲ್ಲಿ ಹೆಣ ಮನೆಗೆ ಬಂತು. “ನಡೀತಾ ನಡೀತಾ ಬಿದ್ಬುಟ್ರು, ಅಷ್ಟೇ” ಎಂದು ಎಲ್ಲರೂ ಹೇಳಿದರು. ಸುಲೋಚನಮ್ಮ ನಂಬಿದರು.

ಈಗ ಈರಮ್ಮನ ಮನೆ ಜಗಲಿಯ ಕೆಳಗೆ ಕುಳ್ಳಯ್ಯ ಕೈ ಕಟ್ಟಿಕೊಂಡು ನಿಂತಿದ್ದ. ಗಾಳದ ಕೋಲು ತಂದಿರಲಿಲ್ಲ. ಗಂಡ ಬಿದ್ದ ಜಾಗ ತೋರಿಸು ಎಂದು ಸುಲೋಚನಮ್ಮ ಅವನನ್ನು ಕರೆಸಿದ್ದರು.

“ದೂರ ಆಯ್ತದೆ ಅಮ್ಮೋರೆ. ಇಳಿಜಾರು ಬ್ಯಾರೆ” ಎಂದ.

“ಅವ್ರು ನಡೆದಿದ್ದು ತಾನೆ? ನಡಿ.”

ಅರಣ್ಯ ಇಲಾಖೆಯ ಗೇಟಿನಲ್ಲಿ ಗಾರ್ಡ್ ಲಿಂಗಪ್ಪ ಇವರನ್ನು ನೋಡಿ ಎದ್ದು ನಿಂತ. ಯಾರು, ಎಲ್ಲಿಗೆ ಎಂದು ಕೇಳಲಿಲ್ಲ. ಪುಸ್ತಕದಲ್ಲಿ ಹೆಸರನ್ನು ತಾನೇ ಬರೆದುಕೊಂಡು ಸರಗೋಲು ಎತ್ತಿದ. ಅಲ್ಲಿಂದ ಕಾಲುದಾರಿ. ಸುಲೋಚನಮ್ಮ ಸೆರಗು ಸಿಕ್ಕಿಸಿಕೊಂಡು, ಚಪ್ಪಲಿ ಜಾರಿದಾಗ ಗಿಡ ಹಿಡಿದುಕೊಂಡು ಇಳಿದರು. ಕುಳ್ಳಯ್ಯ ಹತ್ತು ಹೆಜ್ಜೆ ಮುಂದೆ ಹೋಗಿ ನಿಲ್ಲುವನು, ಅವರು ಹತ್ತಿರ ಬಂದ ಮೇಲೆ ಮತ್ತೆ ಹೊರಡುವನು. ಒಂದು ಕಡೆ ತಲೆಯ ಮೇಲೆ ಭಾರಿ ರೆಕ್ಕೆಗಳ ಸದ್ದು, ಯಾರೋ ಉಸಿರೆಳೆದು ಬಿಟ್ಟಂತೆ, ಹಾದುಹೋಯಿತು. ಸುಲೋಚನಮ್ಮ ಬೆಚ್ಚಿ ನಿಂತರು.

“ಮಂಗಟ್ಟೆ ಹಕ್ಕಿ. ಎರಡವೆ. ರೈಟ್ರು ಇದುನ್ನ ಕಂಡ್ರೆ ಕೂಗೇ ಬುಡೋರು” ಎಂದ ಕುಳ್ಳಯ್ಯ.

ಗಂಡ ಕೂಗಿದ್ದನ್ನು ಸುಲೋಚನಮ್ಮ ಒಂದು ದಿನವೂ ಕೇಳಿರಲಿಲ್ಲ. ಮನೆಯಲ್ಲಿ ಅವರದು ಮೆಲುದನಿ. ಮಗಳ ಮದುವೆ ಗೊತ್ತಾದ ದಿನವೂ ‘ಒಳ್ಳೇದಾಯ್ತು’ ಎಂದು ಮೆತ್ತಗೆ ಹೇಳಿದ್ದರು.

ಅರ್ಧ ದಾರಿಯಲ್ಲಿ ಉಬ್ಬಸ ಬಂದು ಅವರು ಒಂದು ಬೇರಿನ ಮೇಲೆ ಕೂತರು. ಕುಳ್ಳಯ್ಯ ಬೇರೆ ಕಡೆ ಮುಖ ಮಾಡಿ, “ಅವ್ರೂ ಇಲ್ಲೇ ಕೂರೋರು ಅಮ್ಮೋರೆ, ಕೊನೆ ಎಲ್ಡು ವರ್ಷ” ಎಂದ. ಅಂದವನೇ ತುಟಿ ಕಚ್ಚಿಕೊಂಡ.

“ಎರಡು ವರ್ಷ ಅಂದ್ರೆ? ಅದಕ್ ಮುಂಚೆ ಕೂರ್ತಿರ್ಲಿಲ್ವಾ?”

ಅವನು ದಾರಿಗೆ ಅಡ್ಡ ಬಿದ್ದಿದ್ದ ಒಂದು ಕೊಂಬೆಯನ್ನು ಪಕ್ಕಕ್ಕೆ ಎಳೆದು ಹಾಕಿದ.

“ಕುಳ್ಳಯ್ಯ, ನಿನ್ನೇ ಕೇಳಿದ್ದು.”

“ಎದೆ ಸರಿ ಇರ್ಲಿಲ್ಲ ಕಣಮ್ಮೋರೆ” ಎಂದ ಅವನು, ನೆಲ ನೋಡಿಕೊಂಡು. “ಹಾಸನದಾಗೆ ಡಾಕ್ಟ್ರಿಗೆ ತೋರ್ಸಿದ್ರಂತೆ. ಆಪರೇಸನ್ ಮಾಡಿಸ್ಬೇಕು, ಬೆಟ್ಟ ಹತ್ತಂಗಿಲ್ಲ ಅಂದಿದ್ರಂತೆ. ಒಂದಿನ ಇಲ್ಲೇ ಕುಸಿದ್ರು, ಅವಾಗ ನಂಗೆ ಹೇಳಿದ್ರು. ಅಮ್ಮೋರಿಗೆ ಗೊತ್ತಾಗ್ಬಾರ್ದು ಅಂತ ನನ್ ಮಗೀನ ಮ್ಯಾಲೆ ಆಣೆ ಹಾಕಿಸ್ಕಂಡ್ರು.”

ಸಾಯುವ ಎರಡು ವರ್ಷ ಮುಂಚೆ ಒಂದು ದಿನ ಗಂಡ ಕಾಫಿ ಬೋರ್ಡಿನ ಕೆಲಸ ಅಂತ ಹಾಸನಕ್ಕೆ ಹೋಗಿದ್ದು ಸುಲೋಚನಮ್ಮನಿಗೆ ನೆನಪಾಯಿತು. ಬರುವಾಗ ಹೆಂಡತಿಗೊಂದು ಹೂವಿನ ದಂಡೆ ತಂದಿದ್ದರು. ಅದೇ ಮೊದಲ ಸಲ ಎಂದು ಇವರಿಗೆ ಹಿಗ್ಗಾಗಿತ್ತು.

“ಯಾಕಂತೆ? ನಂಗೆ ಯಾಕೆ ಹೇಳ್ಬಾರ್ದಂತೆ?”

“ಹೇಳಿದ್ರೆ ಅವ್ಳು ನನ್ನ ಕಾಡಿಗೆ ಬುಡಾಕಿಲ್ಲ ಅನ್ನೋರು.”

“ಬಿಡ್ತಿರ್ಲಿಲ್ಲ” ಎಂದರು ಸುಲೋಚನಮ್ಮ. ಅವರ ದನಿ ಒಮ್ಮೆಲೇ ಏರಿತು. “ಕೈ ಕಾಲು ಕಟ್ಟಾದ್ರೂ ಮನೇಲಿ ಕೂರಿಸ್ತಿದ್ದೆ! ಆಪರೇಷನ್ ಮಾಡಿಸ್ತಿದ್ದೆ! ನೀನಾದ್ರೂ ಬಂದು ಒಂದ್ ಮಾತು ಹೇಳಿದ್ರೆ ಇವತ್ತು ಅವ್ರು ಬದುಕಿರ್ತಿದ್ರೋ ಇಲ್ವೋ, ಹೇಳೋ?”

ಕುಳ್ಳಯ್ಯ ಕೈ ಮುಗಿದ. “ಇರ್ತಿದ್ರೇನೋ ಅಮ್ಮೋರೆ. ಅದ್ನೇ ನೆನೆಸ್ಕಂಡು ನಂಗೆ ಅನ್ನ ಇಳೀತಿಲ್ಲ.”

ಹಿಂದಕ್ಕೆ ಹೋಗಿಬಿಡೋಣ ಅನ್ನಿಸಿತು ಸುಲೋಚನಮ್ಮನಿಗೆ. ಎದ್ದು ನಿಂತರು. ಮೇಲಿನ ದಾರಿ ನೋಡಿದರು, ಕೆಳಗಿನ ದಾರಿ ನೋಡಿದರು. ಕೊನೆಗೆ ಕೆಳಗೇ ಇಳಿದರು.

ಹೊಳೆ ಅಲ್ಲಿ ತಿರುವು ತೆಗೆದುಕೊಂಡು ಒಂದು ಮಡುವಾಗಿತ್ತು. ಅದರ ಅಂಚಿಗೆ ಎಮ್ಮೆ ಮಲಗಿದಂಥ ಬಂಡೆ. ಮಧ್ಯೆ ನುಣುಪಾದ ಒಂದು ತಗ್ಗು. “ಅವ್ರು ಅಲ್ಲಿ, ನಾನು ಇಲ್ಲಿ” ಎಂದು ಕುಳ್ಳಯ್ಯ ತೋರಿಸಿದ. ಸುಲೋಚನಮ್ಮ ಬಂಡೆ ಹತ್ತಿ ಗಂಡ ಕೂರುತ್ತಿದ್ದ ಕಡೆ ಕೂತರು. ನೀರು ತಿಳಿಯಾಗಿತ್ತು. ಗಾಳದ ಭಯವಿಲ್ಲದೆ ಮೀನಿನ ಮರಿಗಳು ಗುಂಪುಗೂಡಿ ಆಡುತ್ತಿದ್ದವು. ಆಚೆ ದಡದ ಮರದ ನೆರಳಿನಿಂದ ಒಂದು ಹಕ್ಕಿ ಶಿಳ್ಳೆ ಹಾಕುತ್ತಿತ್ತು, ಥೇಟು ಕೆಲಸವಿಲ್ಲದ ಮನುಷ್ಯನ ಹಾಗೆ.

“ನೀನು ಬಂಡೆಗೆ ಕರ್ಕೊಂಡ್ ಬಂದೆ. ನಡೀತಾ ಬಿದ್ರು ಅಂದಿದ್ದು ಸುಳ್ಳು ಅಲ್ವಾ?” ಎಂದರು.

“ಸುಳ್ಳು. ಇಲ್ಲೇ ಆಗಿದ್ದು. ಇಲ್ಲಿಗ್ಯಾಕೆ ಕರ್ಕಂಡ್ ಬಂದೆ ಅಂತ ಎಲ್ಲಿ ನೀವು ಕೇಳ್ತೀರೋ ಅಂತ ಹಂಗಂದೆ.”

“ತಕ್ಷಣ ಹೋಯ್ತಾ ಜೀವ?”

ಕುಳ್ಳಯ್ಯ ಬಂಡೆಯ ಮೇಲೆ ತಾನು ಕೂರುತ್ತಿದ್ದ ಕಡೆ ಕುಕ್ಕರಿಸಿದ. “ಒಂದ್ ಗಂಟೆ ಮ್ಯಾಲೆ ಆಯ್ತು. ಹೊತ್ಕಂಡ್ ಹೋಯ್ತೀನಿ ಅಂದೆ. ಬ್ಯಾಡ ಅಂತ ತಲೆ ಆಡಿಸಿದ್ರು. ಕೂತ್ಕೊ ಅಂತ ಸನ್ನೆ ಮಾಡಿದ್ರು. ಕೂತ್ಕಂಡೆ.”

ಸುಲೋಚನಮ್ಮ ನೀರಿನ ಕಡೆ ನೋಡುತ್ತ, “ನನ್ ಹೆಸ್ರೇನಾದ್ರೂ ಎತ್ತಿದ್ರಾ?” ಎಂದರು.

ಒಂದು ಸುಳ್ಳು ಹೇಳಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಕುಳ್ಳಯ್ಯನ ನಾಲಗೆಯ ತುದಿಗೆ ಅದು ಬಂದಿತ್ತೋ ಏನೋ. ಆದರೆ ಅವನು ಒಂಬತ್ತು ತಿಂಗಳು ಒಂದು ಸುಳ್ಳು ಹೊತ್ತು ದಣಿದಿದ್ದ.

“ಇಲ್ಲ ಅಮ್ಮೋರೆ. ಯಾರ್ ಹೆಸ್ರೂ ಎತ್ನಿಲ್ಲ. ಮಾತಾಡಾಕೆ ಉಸ್ರಿರ್ಲಿಲ್ಲ. ನನ್ ಕೈ ಹಿಡ್ಕಂಡಿದ್ರು, ಕೊನೇ ಗಂಟ.”

ಸುಲೋಚನಮ್ಮ ಅವನ ಕೈ ನೋಡಿದರು. ಕತ್ತಿ ಹಿಡಿದು ದಡ್ಡುಗಟ್ಟಿದ ಕೈ, ಉಗುರಿನಲ್ಲಿ ಕಾಫಿ ಹಣ್ಣಿನ ಕಪ್ಪು. ಗಂಡ ಸತ್ತಾಗ ನೆಂಟರೆಲ್ಲ ಸುತ್ತ ಕೂತು ಅತ್ತಾಗಲೂ ಅವರಿಗೆ ಸರಿಯಾಗಿ ಅಳು ಬಂದಿರಲಿಲ್ಲ. ಈಗ ಬಂತು. ಸತ್ತವರಿಗಾಗಿ ಅತ್ತರೋ, ಇಪ್ಪತ್ತಾರು ವರ್ಷ ಜೊತೆಗಿದ್ದೂ ಅವರಿಗೆ ಬೇಕಾದವಳಾಗಲಿಲ್ಲ ಎಂದು ಅತ್ತರೋ, ಅವರಿಗೇ ಗೊತ್ತಾಗಲಿಲ್ಲ. ಕುಳ್ಳಯ್ಯ ಬಂಡೆಯಿಂದ ಇಳಿದು, ಅವರ ಕಣ್ಣಿಗೆ ಬೀಳದಷ್ಟು ದೂರ ಹೋಗಿ ಮರಕ್ಕೆ ಒರಗಿ ಕೂತ.

ಹಿಂದಿರುಗಿ ಗೇಟಿನ ಹತ್ತಿರ ಬಂದ ಮೇಲೆ ಸುಲೋಚನಮ್ಮ, “ನಿನ್ನ ಮೇಲೆ ನಂಗೆ ಸಿಟ್ಟಿದೆ ಕುಳ್ಳಯ್ಯ. ಅದು ಹೋಗುತ್ತೆ ಅಂತ ಈಗ ಹೇಳೋಕಾಗಲ್ಲ” ಎಂದರು.

“ಇರ್ಲಿ ಬುಡಿ ಅಮ್ಮೋರೆ” ಎಂದ ಅವನು.

ಪಾತ್ರೆಗಳ ಮೂಟೆ ಹೊತ್ತು ಅವರು ಹೊಸಕೋಟೆಗೆ ಮರಳಿದರು. ಮಗಳಿಗೆ ಏನೂ ಹೇಳಲಿಲ್ಲ. ಗಂಡನ ನೋಟ್‌ಬುಕ್ಕುಗಳನ್ನು ಒಂದೊಂದಾಗಿ ಬಿಚ್ಚಿ ಓದಿದರು. ತಾರೀಕು, ಹಕ್ಕಿಯ ಹೆಸರು, ಎಷ್ಟು ಕಂಡವು, ಇಷ್ಟೇ. ಕೊನೆಯ ಎರಡು ವರ್ಷದ ಪುಟಗಳಲ್ಲೂ ಇಷ್ಟೇ. ಎದೆನೋವಿನ ಸುದ್ದಿಯಿಲ್ಲ, ಹೆಂಡತಿಯ ಸುದ್ದಿಯಿಲ್ಲ.

ಮುಂದಿನ ವರ್ಷ ಅವರು ಹೊಂಗಡಹಳ್ಳದ ಕಡೆ ತಲೆಹಾಕಲಿಲ್ಲ. ಅದರ ಮುಂದಿನ ವರ್ಷ ಜನವರಿಯ ಒಂದು ಭಾನುವಾರ, ಯಾರಿಗೂ ಹೇಳಿ ಕಳಿಸದೆ ಬಸ್ಸಿಳಿದು ಲೈನ್ ಮನೆಗಳ ಮುಂದೆ ನಿಂತರು. ಕುಳ್ಳಯ್ಯನ ಹೆಂಡತಿ ಭೂತಮ್ಮ ಗಾಬರಿಯಿಂದ ಒಳಗೆ ಓಡಿ ಗಂಡನನ್ನು ಎಬ್ಬಿಸಿದಳು. ಅವನು ಅಂಗಿ ಹಾಕಿಕೊಳ್ಳುತ್ತ ಹೊರಗೆ ಬಂದ.

ಆ ದಿನ ಇಬ್ಬರೂ ಬಂಡೆಯ ಮೇಲೆ ಎರಡು ತಾಸು ಕೂತಿದ್ದರು. ಆಚೆ ದಡದಲ್ಲಿ ಯಾವುದೋ ಹಕ್ಕಿ ಕೂಗಿತು. ಸುಲೋಚನಮ್ಮ, “ಅದು ಯಾವ್ದು?” ಎಂದರು. ಕುಳ್ಳಯ್ಯ ಅದರ ಹೆಸರು ಹೇಳಿದ. ನೀರಿನ ಸದ್ದಿನಲ್ಲಿ ಕೇಳಿಸಲಿಲ್ಲವೆಂದು ಅವರು ಇನ್ನೊಂದು ಸಲ ಕೇಳಿದರು.