ಕಂಪ್ಯೂಟರಿನ ಹಣೆ

ಕಂಪ್ಯೂಟರಿಗೆ ಹಣೆ ಎಲ್ಲಿರುತ್ತದೆ? ಆರು ತಿಂಗಳ ಕೋರ್ಸಿನಲ್ಲಿ ಇದೊಂದನ್ನು ಮಾತ್ರ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಖಂಡೇ ಪೂಜೆಯ, ಅಂದರೆ ಆಯುಧಪೂಜೆಯ ದಿನ ಸಿಂದಗಿಯ ನಮ್ಮ ಸಮುದಾಯ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ವಿಭೂತಿ ಗಟ್ಟಿ, ಎಣ್ಣೆಯಲ್ಲಿ ಕಲಸಿದ ಕುಂಕುಮದ ಬಟ್ಟಲು ಹಿಡಿದು ನಿಂತಾಗ ಅದೇ ದೊಡ್ಡ ಪ್ರಶ್ನೆಯಾಯಿತು.

ಹದಿನಾಲ್ಕು ಯಂತ್ರಗಳನ್ನೂ ಒರೆಸಿ ಚೆಂಡುಹೂವಿನ ಮಾಲೆ ಹಾಕಿ ಮದುಮಕ್ಕಳ ಹಾಗೆ ಸಾಲಾಗಿ ಕೂಡಿಸಿದ್ದೆವು. ನಮಗೆ ಕಲಿಸುವ ವಿದ್ಯಾವತಿ ಮೇಡಂ ಬಾಗಿಲ ಹೊರಗೆ ಕಾಯಿ ಒಡೆಸುವ ಗಡಿಬಿಡಿಯಲ್ಲಿದ್ದರು. ಅಲ್ಲಿಂದಲೇ ಕೂಗಿದರು.

"ಇಂದುಬಾಯಾರ, ನಿಮ್ಮ ಕೈಗುಣ ಚಲೋ ಐತ್ರಿ. ಎಲ್ಲಾಕ್ಕೂ ನೀವ ಹಚ್ಚಿಬಿಡ್ರಿ!"

"ಎಲ್ಲಿ ಹಚ್ಚಲಿ?" ಎಂದೆ ನಾನು.

ಜೊತೆಗೆ ಕಲಿಯುತ್ತಿದ್ದ ಸುಭಾಸ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು. "ನಾವು ಬಾನೆಟ್ಟಿಗೆ ಹಚ್ತೇವಿ ನೋಡ್ರಿ ಅಕ್ಕಾ. ಇದಕ್ಕ ಬಾನೆಟ್ಟಽ ಇಲ್ಲ" ಎಂದು ತಲೆ ಕೆರೆದುಕೊಂಡ. ನಾನು ಕೀಲಿಮಣೆಯ ಕಡೆ ಕೈ ಚಾಚಿದೆ. ಪಕ್ಕದಲ್ಲಿದ್ದ ಸುಂದರವ್ವ ಚಟ್ಟನೆ ನನ್ನ ಕೈಗೆ ಹೊಡೆದಳು. ಅವಳು ಅಂಗನವಾಡಿಯಲ್ಲಿ ಅಡುಗೆ ಮಾಡುವವಳು. ಐವತ್ತು ದಾಟಿದರೂ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತು ಅವಳದೇ.

"ಹುಚ್ಚಿ, ಅದು ಪಾದ. ಪಾದಕ್ಕ ವಿಭೂತಿ ಹಚ್ತಾರೇನ? ಮಾರಿ ಅಂದ್ರ ಈ ಪರದೆ. ಮಾರಿ ಮ್ಯಾಲೆ ಹಣಿ. ನೋಡಿಲ್ಲಿ, ಕಂಪನ್ಯಾವ್ರು ನಟ್ಟನಡುವ ಬೊಟ್ಟಿಡೂ ಗುರುತನೂ ಕೊಟ್ಟಾರ!"

ನೋಡಿದರೆ ಹೌದು! ಪರದೆಯ ಮೇಲಂಚಿನಲ್ಲಿ, ಅಳೆದು ಇಟ್ಟ ಹಾಗೆ, ದುಂಡಗಿನ ಕರಿ ಚುಕ್ಕೆ. ಹೋದ ವಾರವಷ್ಟೇ ಪರೀಕ್ಷೆಗೆಂದು ಬಂದ ಹೊಸ ಪರದೆಗಳು. ಎಷ್ಟು ತಿಳಿದವರು ಮಾಡಿದ್ದಾರೆ ಎಂದು ಮೆಚ್ಚಿಕೊಳ್ಳುತ್ತ ಹದಿನಾಲ್ಕಕ್ಕೂ ಮೂರೆಳೆ ವಿಭೂತಿ ಎಳೆದು ಆ ಚುಕ್ಕೆಯ ಮೇಲೆ ಬೊಟ್ಟಿಟ್ಟೆ. ಒಂಬತ್ತನೆಯದು ನಾನು ಆರು ತಿಂಗಳು ಕೂತ ಯಂತ್ರ. ಅದಕ್ಕೆ ಹೆಬ್ಬೆರಳಿನಷ್ಟು ದೊಡ್ಡ ಬೊಟ್ಟು. ಪೂಜೆಗೆ ಇಟ್ಟದ್ದನ್ನು ಬನ್ನಿ ಮುಡಿಯುವ ತನಕ ಮುಟ್ಟಬಾರದು. ಹೀಗಾಗಿ ಬಾಗಿಲು ಹಾಕಿಕೊಂಡು ಬಂದವರು ಬನ್ನಿಯ ಮರುದಿನ, ಪರೀಕ್ಷೆಯ ದಿನವೇ ಮತ್ತೆ ತೆರೆದದ್ದು.

ಆ ಪರೀಕ್ಷೆಯ ಮೇಲೆ ನನ್ನ ಹಣೆಬರಹವೂ ನಿಂತಿತ್ತು. ಹನ್ನೊಂದು ವರ್ಷದಿಂದ ಮಹಿಳಾ ಒಕ್ಕೂಟದ ರೊಟ್ಟಿ ಕೇಂದ್ರದಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಬೆಳಗಿನ ನಾಲ್ಕಕ್ಕೆ ಎದ್ದರೆ ಹನ್ನೊಂದಾಗುವಷ್ಟರಲ್ಲಿ ನಾಲ್ಕು ನೂರು ರೊಟ್ಟಿ. ಆಮೇಲೆ ಮಗಳು, ಅತ್ತೆ, ಮನೆ. ಈ ಸಲ ಒಕ್ಕೂಟದ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ನನ್ನನ್ನೇ ತೆಗೆದುಕೊಳ್ಳುವುದೆಂದು ಠರಾವಾಗಿತ್ತು. ಆದರೆ ಕೋರ್ಸಿನ ಪ್ರಮಾಣಪತ್ರ ಅವತ್ತು ಸಂಜೆ ಐದರೊಳಗೆ ಅವರ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ಕೆಲಸ ಯಾದಿಯಲ್ಲಿನ ಮುಂದಿನ ಹೆಸರಿಗೆ. ನಾನು ಮತ್ತೆ ಹಂಚಿನ ಮುಂದೆ.

ಲಿಂಬೆಗೆ ಹೆಸರಾದ ಇಂಡಿಯಿಂದ ಬಂದಿದ್ದ ಪರೀಕ್ಷಾಧಿಕಾರಿಯ ಹೆಸರು ರಾವಸಾಬ. "ಮಾರಿ ನೋಡು, ಇಂಡಿ ಲಿಂಬಿಕಾಯಿ ಹೋಳು ಮಾಡಿ ಇಟ್ಟಂಗ ಐತಿ" ಎಂದು ಸುಂದರವ್ವ ನನ್ನ ಕಿವಿಯಲ್ಲಿ ಹೇಳಿದಳು. ಆತ ಮೊದಲು ಓದಿ ಹೇಳಿದ್ದೇ ನಿಯಮ: ಪರೀಕ್ಷೆಯ ಯಂತ್ರಗಳಿಗೆ ಏನಾದರೂ ಮಾಡಿದವರನ್ನು ಹೊರಗೆ ಹಾಕಲಾಗುವುದು. ಯಂತ್ರ ನಮ್ಮ ಮುಖವನ್ನು ಹಾಲ್ ಟಿಕೆಟ್ಟಿನ ಫೋಟೋದೊಂದಿಗೆ ತಾಳೆ ನೋಡಿ ಒಳಗೆ ಬಿಡುತ್ತದೆ. ಹನ್ನೊಂದೂ ಕಾಲಿನೊಳಗೆ ಒಳಗೆ ಹೋಗದವರಿಗೆ ಪರೀಕ್ಷೆ ಇಲ್ಲ.

"ಮುಖ ಎಲ್ಲಿಂದ ನೋಡ್ತೈತ್ರಿ ಸರ?" ಸುಭಾಸ ಕೇಳಿದ.

"ಕ್ಯಾಮೆರಾದಿಂದ. ಪರದೆಯ ಮ್ಯಾಲೆ, ನಡುವ, ಕರಿ ಚುಕ್ಕಿ ಐತಲ್ಲ, ಅದು."

ನಾನು ಸುಂದರವ್ವನ ಕಡೆ ನೋಡಿದೆ. ಅವಳು ಛಾವಣಿ ನೋಡುತ್ತಿದ್ದಳು.

ಹದಿನಾಲ್ಕೂ ಪರದೆಗಳು ಒಮ್ಮೆಗೇ ಹೊತ್ತಿಕೊಂಡವು. ಹದಿನಾಲ್ಕರಲ್ಲೂ ಕೆಂಪೋ ಕೆಂಪು. ಕೆಳಗೆ ಒಂದೇ ಸಾಲು: ಮುಖ ಗುರುತಿಸಲು ಆಗುತ್ತಿಲ್ಲ.

"ಎಲ್ಲಾ ಕ್ಯಾಮೆರಾ ಕೆಟ್ಟಾವೇನ್ರಿ ಮೇಡಂ?" ರಾವಸಾಬರು ಫೋನು ಕಿವಿಗಿಟ್ಟುಕೊಂಡರು. "ಹಲೋ, ಸಿಂದಗಿ ಕೇಂದ್ರ ರೀ. ಇಲ್ಲಿ ಪರೀಕ್ಷಾ ರದ್ದು ಮಾಡಿ ಮುಂದಿನ ತಿಂಗಳಿಗೆ..."

ಮುಂದಿನ ತಿಂಗಳು! ಬಾಯಿ ಮುಚ್ಚಿಕೊಂಡಿದ್ದರೆ ಪರೀಕ್ಷೆ ರದ್ದು, ತೆರೆದರೆ ನಾನೇ ರದ್ದು. ಎದ್ದು ನಿಂತೆ.

"ಕೆಟ್ಟಿಲ್ರಿ ಸರ. ಕುಂಕುಮ ಹಚ್ಚೀನ್ರಿ."

"ಯಾರಿಗೆ?"

"ಕ್ಯಾಮೆರಾಕ್ಕರಿ. ಹಣಿ ಅಂತ ತಿಳಕೊಂಡಿದ್ನಿರಿ."

ರಾವಸಾಬರು ಫೋನು ಕೆಳಗಿಟ್ಟರು. ಆಮೇಲೆ ಸುಂದರವ್ವ ಎದ್ದಳು. "ಸರ, ಹಣಿ ತೋರಿಸಿದಾಕಿ ನಾನ್ರಿ. ಆಕಿ ಪಾದಕ್ಕ ಹಚ್ಚಾಕ ಹೊಂಟಿದ್ಳು." ಸುಭಾಸ ಎದ್ದ. "ಕುಂಕುಮ ಎಣ್ಯಾಗ ಕಲಸಿದಾವ ನಾನ್ರಿ. ಟ್ರ್ಯಾಕ್ಟರಿಗೆ ಕಲಸಿದ್ದು ಉಳದಿತ್ರಿ." ವಿದ್ಯಾವತಿ ಮೇಡಂ ಕೂಡ ಮೆಲ್ಲನೆ ಕೈ ಎತ್ತಿದರು. "ಹಚ್ಚಿಬಿಡ್ರಿ ಅಂದಾಕಿ ನಾನ ಸರ." ಹಿಂದಿನ ಸಾಲಿನವರು ತಾವೂ ಕೈಮುಗಿದಿದ್ದೆವು ಎಂದು ಎದ್ದು ನಿಂತರು. ಕೋಣೆಯಲ್ಲಿ ಕೂತಿದ್ದವರು ಒಬ್ಬರೂ ಇಲ್ಲ.

ರಾವಸಾಬರು ಎಲ್ಲರನ್ನೂ ದಿಟ್ಟಿಸಿ ನೋಡಿದರು. ಲಿಂಬೆಯ ಹೋಳು ಒಂದು ಬದಿಗೆ ಅಲುಗಿತು. "ಎಲ್ಲಾರನೂ ಹೊರಗ ಹಾಕಿದ್ರ ನಾ ಯಾರ ಪರೀಕ್ಷಾ ತಗೊಳ್ಳಲಿ, ಈ ಚೆಂಡುಹೂವಿಂದ? ಹತ್ತು ನಿಮಿಷ ಹೆಚ್ಚಿಗಿ ಕೊಡಾಕ ಬರ್ತೈತಿ, ಆದ್ರ ಕಾರಣ ಕೊಡಬೇಕು." ಅವರ ಪರದೆಯಲ್ಲಿ ಕಾರಣಗಳ ಪಟ್ಟಿ ತೆರೆಯಿತು. ಗಟ್ಟಿಯಾಗಿ ಓದಿದರು. "ಕರೆಂಟ್ ಇಲ್ಲ. ನೆಟ್ ಇಲ್ಲ. ಬೆಂಕಿ. ನೆರೆ. ಧೂಳು. ಕುಂಕುಮ ಅಂತೂ ಇಲ್ಲ!"

"ಧೂಳಕ್ಕ ಒತ್ತರಿ ಸರ!" ಸುಂದರವ್ವ ಕೂಗಿದಳು. "ವಿಭೂತಿ ಅಂದ್ರ ಬೂದಿ. ಬೂದಿ ಧೂಳ ಅಲ್ಲೇನ್ರಿ? ಸುಳ್ಳಾಗೂದಿಲ್ಲ, ಪುಣ್ಯಾನೂ ಬರ್ತೈತಿ."

ಅವರು ಧೂಳಿಗೆ ಒತ್ತಿದರು.

ಎಲ್ಲರೂ ಸೆರಗು, ಕರವಸ್ತ್ರ, ಟವೆಲ್ ಹಿಡಿದು ಉಜ್ಜಿದ್ದೇ ಉಜ್ಜಿದ್ದು. ವಿಭೂತಿ ಹೋಯಿತು, ಎಣ್ಣೆ ಹೋಗಲಿಲ್ಲ. ಬೊಟ್ಟು ಹರಡಿ ಪರದೆಯ ತುಂಬ ಗುಲಾಲ್ ಎರಚಿದ ಹಾಗಾಯಿತು. ಆ ಗುಲಾಲಿನೊಳಗೆ ನಮ್ಮ ಮುಖಗಳು ಓಕುಳಿ ಆಡಿ ಬಂದವರ ಹಾಗೆ ಕಾಣತೊಡಗಿದ್ದೇ ತಡ, ಸುಭಾಸನಿಗೆ ನಗು ಹತ್ತಿತು. ಒಬ್ಬರಿಂದ ಒಬ್ಬರಿಗೆ ಅಂಟಿಕೊಂಡಿತು.

"ನಗಬ್ಯಾಡ್ರಿ, ಏಳು ನಿಮಿಷ ಉಳದಾವು!" ಮೇಡಂ ಅಂದರು, ತಾವೇ ಬಾಯಿಗೆ ಕೈ ಅಡ್ಡ ಹಿಡಿದು.

ಎಣ್ಣೆ ಎಂದಮೇಲೆ ನನಗೆ ಹೊಳೆಯಿತು. ಕೇಂದ್ರದಲ್ಲಿ ಮಣೆಗೆ ಎಣ್ಣೆ ತಾಗಿದರೆ ನಾವು ನೀರು ಮುಟ್ಟಿಸುವುದಿಲ್ಲ, ಒಣ ಹಿಟ್ಟು ಉದುರಿಸಿ ತೆಗೆಯುತ್ತೇವೆ. ನನ್ನ ಚೀಲದಲ್ಲಿ ಮಧ್ಯಾಹ್ನಕ್ಕೆಂದು ಕಟ್ಟಿಕೊಂಡ ರೊಟ್ಟಿ ಇತ್ತು. ರೊಟ್ಟಿಯನ್ನು ಸುಂದರವ್ವನ ಕೈಗೆ ಕೊಟ್ಟು, ಅದನ್ನು ಸುತ್ತಿದ್ದ ಅರಿವೆಯನ್ನು ಎಳೆದುಕೊಂಡೆ. ಅದರ ತುಂಬ ಜೋಳದ ಹಿಟ್ಟು.

ಒಂದನೆಯ ಯಂತ್ರಕ್ಕೆ ಅರಿವೆಯ ಮೂಲೆ ಒತ್ತಿ ತಿರುವಿದೆ. ಫಳ್! ಮುಖ ಬಂತು, ಹಸಿರು ಗುರುತು ಬಂತು. ಎರಡನೆಯದು. ಮೂರನೆಯದು. ಕೆಡಿಸಿದವಳು ನಾನು, ಆದ್ದರಿಂದ ನನ್ನದನ್ನು ಕಡೆಗೆ ಇಟ್ಟುಕೊಂಡು ಸಾಲುಗಳ ನಡುವೆ ಓಡಿದೆ. ಹಿಂದಿನಿಂದ ರಾವಸಾಬರು ಸಂತೆಯಲ್ಲಿ ಸವಾಲು ಕೂಗುವವರ ಹಾಗೆ ಎಣಿಸುತ್ತಿದ್ದರು. "ಹನ್ನೊಂದು ಆತು! ಹನ್ನೆರಡು! ಹದಿಮೂರು! ನಿಮ್ದರಿ ಬಾಯಾರ, ಎರಡು ನಿಮಿಷ!"

ಒಂಬತ್ತನೆಯ ಯಂತ್ರದ ದೊಡ್ಡ ಬೊಟ್ಟು ಹಟಮಾರಿ. ತಿಕ್ಕಿ ತಿಕ್ಕಿ ತೆಗೆದೆ. ಒಂದು ಬದಿಗೆ ತೆಳುವಾಗಿ ಕೆಂಪು ಉಳಿದರೂ ಮುಖ ಕಂಡಿತು. ಆದರೆ ಹಸಿರು ಬರಲಿಲ್ಲ. ಮುಖ ಹೊಂದುತ್ತಿಲ್ಲ, ಎಂದಿತು.

"ಯಾಕ ಹೊಂದ್ವಲ್ದು? ನಾನ ಅದೇನಿ!"

ಸುಂದರವ್ವ ನನ್ನ ಹಾಲ್ ಟಿಕೆಟ್ ಎತ್ತಿ ನೋಡಿದಳು. "ಎವ್ವಾ, ಹೊಂದೂದು ಹೆಂಗ? ಇದರಾಗ ನೀ ಸತ್ತವರ ಮನಿಂದ ಬಂದಂಗ ಕುಂತೀದಿ. ಇಲ್ಲಿ ನೋಡಿದ್ರ ಹಲ್ಲು ಕಿಸದೀದಿ. ನಗೂದ ಬಿಡು!"

ಬಿಡಬೇಕೆಂದರೆ ಬಿಡುತ್ತದೆಯೆ? ಹನ್ನೊಂದು ವರ್ಷ ಕೂಡಿಟ್ಟ ನಗುವೆಲ್ಲ ಅವತ್ತೇ ಹೊರಗೆ ಬರುವ ಹಟ ಹಿಡಿದಿತ್ತು. ತುಟಿ ಕಚ್ಚಿದೆ, ಮೂಗಿನಿಂದ ಬಂತು. ಉಸಿರು ಹಿಡಿದೆ, ಭುಜ ಕುಣಿದವು. ಸುಭಾಸ ನನಗೆ ಸಹಾಯವಾಗಲೆಂದು ಅಳುವವನ ಹಾಗೆ ಮುಖ ಮಾಡಿ ತೋರಿಸಿದ. ಅದರಿಂದ ಇನ್ನೂ ಕೆಟ್ಟಿತು.

"ನಲವತ್ತು ಸೆಕೆಂಡ್!" ರಾವಸಾಬರು ಕೈಗಡಿಯಾರ ಬಡಿದರು.

ಆಗ ಸುಂದರವ್ವ ನನ್ನ ಕಿವಿಯ ಹತ್ತಿರ ಬಾಗಿ, ಜೋಗುಳ ಹೇಳಿದ ಹಾಗೆ ಸಾವಕಾಶವಾಗಿ ಅಂದಳು. "ಇಂದಾ, ನಾಳೆ ಮುಂಜಾನೆ ನಾಕಕ್ಕ ಏಳಬೇಕು. ನಾಕನೂರು ರೊಟ್ಟಿ. ಕಟಗಿ ಹಸೀ ಅದಾವು."

ನನ್ನ ಮುಖ ತಾನಾಗಿಯೇ ಇಳಿಯಿತು. ಕಣ್ಣು ಅರ್ಧ ಮುಚ್ಚಿದವು, ಗಲ್ಲ ಜೋತವು.

ಹಸಿರು!

ಕೋಣೆಯಲ್ಲಿ ಎದ್ದ ಕೇಕೆಗೆ ಪಕ್ಕದ ಹೊಲಿಗೆ ತರಗತಿಯವರು ಕತ್ತರಿ ಹಿಡಿದುಕೊಂಡೇ ಓಡಿಬಂದರು. ರಾವಸಾಬರು ಮೇಜು ಕುಟ್ಟಿ ಎಲ್ಲರನ್ನೂ ಸುಮ್ಮನಾಗಿಸಿದರು. ಆಮೇಲೆ ಒಂದು ತಾಸು ಕೀಲಿಗಳ ಸಪ್ಪಳ. ರೊಟ್ಟಿ ಬಡಿದ ಕೈ ತಾಳ ತಪ್ಪುವುದಿಲ್ಲ. ನನ್ನ ಟೈಪಿಂಗ್ ಎಲ್ಲರಿಗಿಂತ ಮೊದಲು ಮುಗಿಯಿತು. ಪಾಸಾಗಲು ಅರವತ್ತು ಬೇಕಿತ್ತು, ನಾಲ್ಕಕ್ಕೆ ಫಲಿತಾಂಶ ಬಂದಾಗ ನನ್ನದು ಎಪ್ಪತ್ಮೂರು. ಮೇಡಂ ಅಲ್ಲೇ ಪ್ರಮಾಣಪತ್ರ ಅಚ್ಚು ಹಾಕಿ ಕೊಟ್ಟರು. ನಾನು ಬನ್ನಿ ಎಲೆ ಕೊಟ್ಟು ನಮಸ್ಕಾರ ಮಾಡಿದಾಗ ರಾವಸಾಬರು ಅದನ್ನು ಕಿಸೆಯಲ್ಲಿಟ್ಟುಕೊಂಡು, "ಬಂಗಾರದಂಗ ಇರ್ರಿ. ಕ್ಯಾಮೆರಾದಿಂದ ದೂರ ಇರ್ರಿ" ಎಂದರು.

ಒಕ್ಕೂಟದ ಕಚೇರಿ ಮುಟ್ಟಿದಾಗ ನಾಲ್ಕೂ ಮುಕ್ಕಾಲು. ಕಾರ್ಯದರ್ಶಿ ಕೋಮಲ ಪತ್ರ ನೋಡಿದಳು, ತಿರುವಿ ನೋಡಿದಳು, ಬೆಳಕಿಗೆ ಹಿಡಿದಳು. ಮುಖ ಹೊಂದಿದ ಆ ಗಳಿಗೆಯ ಚಿತ್ರವೇ ಪತ್ರದ ಮೇಲೆ ಬಂದಿತ್ತು. ನಿದ್ದೆಗಣ್ಣಿನ ನಾನು, ನನ್ನ ಅರ್ಧ ಹಣೆಯನ್ನು ಮುಚ್ಚಿ ಹಬ್ಬಿದ ಕೆಂಪು.

"ಅಕ್ಕಾ, ಫೋಟೋದಾಗ ಹೊತ್ತು ಮುಣಗಾಕತ್ತೈತೇನು?"

"ಕಂಪ್ಯೂಟರಿಗೆ ನಾ ಹಚ್ಚಿದ್ನಿ. ಅದು ನನಗ ತಿರುಗಿ ಹಚ್ಚೇತಿ."

ಅವಳು ಠಸ್ಸೆ ಹೊಡೆದಳು. "ಸೋಮವಾರದಿಂದ ಬರ್ರಿ. ಹಾಜರಿಗೆ ಇಲ್ಲೂ ಮಾರಿ ತೋರಿಸಬೇಕ್ರಿ, ಈಗಽ ತಗೊಂಡುಬಿಡ್ತೇನಿ" ಎಂದು ಗೋಡೆಯ ಮೇಲಿನ ಪುಟ್ಟ ಯಂತ್ರದ ಮುಂದೆ ನನ್ನನ್ನು ನಿಲ್ಲಿಸಿದಳು. ನೋಡಿದೆ. ಅದರ ನೆತ್ತಿಯ ನಟ್ಟನಡುವೆ ದುಂಡಗಿನ ಕರಿ ಚುಕ್ಕೆ. ತಡೆಯಲಾಗಲಿಲ್ಲ. ಬಾಯಿ ತುಂಬ ನಕ್ಕೆ. ಅಷ್ಟರಲ್ಲಿ ಅದು ಕ್ಲಿಕ್ ಎಂದಿತು.

ಈಗ ಆ ಕಚೇರಿಯಲ್ಲಿ ನಾನು ಸುಮ್ಮನೆ ಹೋಗಿ ನಿಂತರೆ ಯಂತ್ರ ಗುರುತು ಹಿಡಿಯುವುದಿಲ್ಲ. ದಿನಾ ಬೆಳಿಗ್ಗೆ ಹತ್ತಕ್ಕೆ ಅದರ ಮುಂದೆ ಹಲ್ಲು ಕಿಸಿದ ಮೇಲೆಯೇ ನನ್ನ ಹಾಜರಿ. ನಮ್ಮ ಅತ್ತೆ ಚನ್ನವ್ವನಿಗೆ ಇದನ್ನು ಹೇಳಿದರೆ ಆಕೆ ನಂಬಲಿಲ್ಲ.

"ನಗೂದಕ್ಕ ಪಗಾರ ಕೊಡ್ತಾರಂತ? ಹಂಗಾದ್ರ ನನ್ನ ಹೆಸರೂ ಹಚ್ಚು, ನಾನೂ ಬರ್ತೇನಿ."