ಸಾಕು ಅಂದರೆ ಯಾವ ಸಾಕು

ಪಾರ್ಶ್ವವಾಯು ಹೊಡೆದ ಮೇಲೆ ನನ್ನ ಹೆಂಡತಿಯ ಬಾಯಲ್ಲಿ ಉಳಿದದ್ದು ಒಂದೇ ಪದ: ಸಾಕು. ತುತ್ತು ಹೆಚ್ಚಾದರೂ ಸಾಕು, ಫ್ಯಾನು ಜೋರಾದರೂ ಸಾಕು, ನಾನು ತಲೆ ತಿಂದರೂ ಸಾಕು. ಏನೂ ಹೆಚ್ಚಾಗದಿದ್ದಾಗಲೂ ಸಾಕು. ಮೊದಲು ಇಡೀ ಬೀದಿಗೆ ಆಗುವಷ್ಟು ಮಾತಾಡುತ್ತಿದ್ದವಳು. "ಇನ್ನೊಂದು ಪದ ಬಂತು ಅಂದ್ರೆ ಉಳಿದದ್ದೂ ನಿಧಾನಕ್ಕೆ ಬರಬಹುದು," ಎಂದು ಮಾತು ಕಲಿಸುವ ಡಾಕ್ಟರಮ್ಮ ಹೇಳಿದ್ದರು. ಆ ಇನ್ನೊಂದು ಪದಕ್ಕಾಗಿ ನಾನು ಅವಳ ಬಾಯನ್ನೇ ನೋಡುತ್ತ ಕೂತಿದ್ದೆ. ನನಗೆ ಬೇರೆ ಯಾವ ಆಸೆಯೂ ಉಳಿದಿರಲಿಲ್ಲ.

ನಾವಿರುವುದು ವಯಸ್ಸಾದವರಿಗೆಂದೇ ಬಾಡಿಗೆಗೆ ಕೊಡುವ ಕಟ್ಟಡ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ಯಾವ ಬಾಗಿಲಿಗೂ ಹೊಸಿಲಿಲ್ಲ, ಗಾಲಿಕುರ್ಚಿ ಸಲೀಸಾಗಿ ಓಡಾಡುತ್ತದೆ. ಎಲ್ಲರಿಗೂ ಮಂಡಿನೋವು, ಆದರೂ ಜಗಳ ಎಂದರೆ ಎದ್ದು ಓಡಿ ಬರುತ್ತಾರೆ. ಹಿಂದಿನ ಗಲ್ಲಿಯಿಂದ ಒಂದು ಬೀದಿಬೆಕ್ಕು ಬಂದು ನಮ್ಮ ಕಿಟಕಿಯಲ್ಲಿ ಕೂರತೊಡಗಿತು. ಹರಿದ ಕಿವಿ, ಮಾಸಲು ಬಣ್ಣ, ಮುಖದಲ್ಲಿ ಸದಾ ಸಿಡುಕು. ಆದರೆ ಅದನ್ನು ಕಂಡರೆ ನನ್ನ ಹೆಂಡತಿಯ ತುಟಿ ಅಲುಗುತ್ತಿತ್ತು. ಸ್ವರ ಹೊರಡದು, ಏನೋ ಹೇಳಲು ಹೊರಟಿದ್ದಾಳೆ ಎಂಬುದು ಮಾತ್ರ ಕಾಣುತ್ತಿತ್ತು. ನಾನು ಕಿಟಕಿಯಲ್ಲಿ ಹಾಲಿನ ಬಟ್ಟಲು ಇಟ್ಟೆ.

ನಮ್ಮ ಮೇಲಿನ ಮನೆಯಲ್ಲಿ ಡ್ರಿಲ್ ಮಾಸ್ತರಿದ್ದಾರೆ. ನಿವೃತ್ತರಾದರೂ ಎಲ್ಲರನ್ನೂ ಸಾಲಾಗಿ ನಿಲ್ಲಿಸುವ ಚಪಲ ಹೋಗಿಲ್ಲ. ಬೆಕ್ಕಿನ ಕೂದಲು ಅವರಿಗೆ ಆಗದು, ಉಬ್ಬಸ ಬರುತ್ತದೆ. ಅದು ಸುಳ್ಳಲ್ಲ, ಮೆಟ್ಟಿಲ ಮೇಲೆ ಅವರು ಏದುಸಿರು ಬಿಡುವುದನ್ನು ನಾನೇ ನೋಡಿದ್ದೇನೆ.

"ಕಂಡಕ್ಟ್ರೇ, ಆ ಬೆಕ್ಕನ್ನ ಓಡಿಸ್ತೀರೋ ಇಲ್ವೋ?"

"ನಂದಾದ್ರೆ ತಾನೇ ಓಡ್ಸೋದು? ಬೀದಿದು ಮಾಸ್ತರೇ. ಬರುತ್ತೆ, ಹೋಗುತ್ತೆ."

"ಟಿಕೆಟ್ ಇಲ್ದೆ ಹತ್ತಿದೋರನ್ನ ಇಳಿಸ್ತಾ ಇರ್ಲಿಲ್ವಾ ನೀವು?"

ಬಸ್ಸಿನಲ್ಲೇ ಆಯಸ್ಸು ಕಳೆದವನಿಗೆ ಈ ಮಾತು! ನನಗೆ ಮೈಯೆಲ್ಲ ಉರಿಯಿತು.

ಅವರು ಮ್ಯಾನೇಜರಿಗೆ ದೂರು ಕೊಟ್ಟರು. ಬಾಡಿಗೆದಾರರು ಪ್ರಾಣಿ ಸಾಕುವಂತಿಲ್ಲ, ಸಾಕಿದರೆ ಮನೆ ಖಾಲಿ ಮಾಡಬೇಕು ಎಂದು ಕರಾರಿನಲ್ಲೇ ಇದೆ. ನಾನು ಸಾಕಿಲ್ಲ, ಹಾಲು ಹಾಕಿದ್ದೇನೆ, ಅಷ್ಟೇ ಎಂಬುದು ನನ್ನ ವಾದ.

ಭಾನುವಾರ ಕೆಳಗಿನ ಸಭಾಂಗಣದಲ್ಲಿ ಮ್ಯಾನೇಜರು ಸಭೆ ಕರೆದರು. ನನ್ನ ಮೊಮ್ಮಗನ ವಯಸ್ಸಿನವನು, ಒಳ್ಳೆಯವನೇ. "ಬೆಕ್ಕು ಯಾರದ್ದಾದ್ರೂ ಆಗಿದ್ರೆ ಕರಾರಿದೆ. ಬೀದಿದಾದ್ರೆ, ಇರ್ಲಿ ಅಂತೀರೋ, ಹಿಡಿಸಿ ಕಳಿಸೋಣ ಅಂತೀರೋ, ನೀವೇ ಕೈ ಎತ್ತಿ ಹೇಳಿ. ಮೊದಲು ಹೇಳಿ, ಯಾರದ್ದು?"

ಎಲ್ಲರೂ ನನ್ನ ಕಡೆ ನೋಡಿದರು. ಎದ್ದು ನಿಂತು ಕಡ್ಡಿ ಮುರಿದ ಹಾಗೆ ಹೇಳಿದೆ, "ನಮ್ಮದಲ್ಲ." ಪಕ್ಕದ ಗಾಲಿಕುರ್ಚಿಯಿಂದ ಹೆಂಡತಿ ನನ್ನತ್ತ ತಿರುಗಿದಳು. ನಾನು ಅವಳ ಕಡೆ ನೋಡಲಿಲ್ಲ.

ಕೈ ಎಣಿಸಿದರೆ ಎರಡೂ ಕಡೆ ಸಮ. ಕೈ ಎತ್ತದೆ ಉಳಿದವಳು ನನ್ನ ಹೆಂಡತಿ ಒಬ್ಬಳೇ. ಮ್ಯಾನೇಜರು ಅವಳ ಮುಂದೆ ಬಗ್ಗಿ ಕೇಳಿದರು, "ಅಮ್ಮಾ, ಬೆಕ್ಕಿನ ವಿಷಯ ನೀವೇನಂತೀರಿ?"

"ಸಾಕು," ಎಂದಳು.

"ಕೇಳಿದ್ರಾ? ಇದರ ಕಾಟ ಸಾಕು ಅಂತಿದಾರೆ!" ಡ್ರಿಲ್ ಮಾಸ್ತರು ಎದ್ದೇಬಿಟ್ಟರು.

"ಅಲ್ಲ ರೀ, ಬೆಕ್ಕನ್ನ ಸಾಕು ಅಂತಿರೋದು," ಎಂದರು ಮೂಲೆಮನೆಯ ನರ್ಸಮ್ಮ.

ಸಭೆಯೆಲ್ಲ ಗೊಳ್ಳೆಂದಿತು. ಮ್ಯಾನೇಜರು ಪೇಚಿಗೆ ಸಿಕ್ಕರು. "ತಾತ, ನೀವೇ ಹೇಳಿ, ಇದು ಯಾವ ಸಾಕು?"

ಯಾವ ಸಾಕೂ ಅಲ್ಲ, ಅವಳಲ್ಲಿ ಇರುವುದೇ ಅದೊಂದು ಎಂದು ನನಗೆ ಗೊತ್ತಿತ್ತು. ಆದರೂ, "ಬೆಕ್ಕನ್ನ ಸಾಕು ಅಂತ್ಲೇ," ಎಂದೆ.

"ಸಾಕೋದಾದ್ರೆ ಅದು ಸಾಕುಪ್ರಾಣಿ ಆಯ್ತಲ್ಲ! ಕರಾರು ಎಲ್ಲಿಗೆ ಹೋಯ್ತು?" ಮಾಸ್ತರು ಬಿಡಲಿಲ್ಲ.

"ಎಲ್ರೂ ಸೇರಿ ಸಾಕೋದು ಸ್ವಾಮಿ. ನಮ್ಮದಲ್ಲ ಅಂತ ಆಗ್ಲೇ ಹೇಳಿದ್ನಲ್ಲ!"

"ನಮ್ಮದು."

ಯಾರ ದನಿ ಎಂದು ನನಗೆ ತಕ್ಷಣ ತಿಳಿಯಲಿಲ್ಲ. ಆ ದನಿಯಲ್ಲಿ ಸಾಕು ಬಿಟ್ಟು ಬೇರೆ ಪದ ಕೇಳದೆ ಅಷ್ಟು ಕಾಲವಾಗಿತ್ತು.

"ನಮ್ಮದು," ಎಂದಳು ಮತ್ತೆ. ಹಿಂದೆ ನಾನು ಸುಳ್ಳು ಹೇಳಿ ಸಿಕ್ಕಿಬಿದ್ದಾಗ ಗದರುತ್ತಿದ್ದಳಲ್ಲ, ಅದೇ ದನಿ.

ಮ್ಯಾನೇಜರು ಮೆಲ್ಲಗೆ, "ತಾತ, ಹಾಗಾದ್ರೆ..." ಎಂದು ತಡವರಿಸಿದರು.

"ಹೌದಪ್ಪ, ನಮ್ಮದೇ. ನಾನು ಹೇಳಿದ್ದು ಸುಳ್ಳು."

"ಬೇರೆ ಮನೆ ನೋಡ್ಕೋಬೇಕಾಗುತ್ತಲ್ಲ."

"ನೋಡ್ಕೋತೀನಿ," ಎಂದೆ. ಈ ವಯಸ್ಸಿನಲ್ಲಿ, ಗಾಲಿಕುರ್ಚಿ ಹೋಗುವಂಥ ಇನ್ನೊಂದು ಮನೆ ಸಿಗುವುದು ಎಷ್ಟು ಕಷ್ಟ ಎಂದು ಗೊತ್ತಿಲ್ಲದವನೇನಲ್ಲ. ಆದರೆ ಸಂತೋಷಕ್ಕೆ ಅಳು ಬಂದಿತ್ತು, ಎಲ್ಲರೆದುರೇ ಅತ್ತೆ. ನಾಚಿಕೆಯೂ ಆಗಲಿಲ್ಲ.

ಡ್ರಿಲ್ ಮಾಸ್ತರು ನಿಧಾನವಾಗಿ ಬಂದು ಅವಳ ಮುಂದೆ ನಿಂತರು. ಅವರ ಕಣ್ಣೂ ಒದ್ದೆಯಾಗಿತ್ತು, ಬೆಕ್ಕಿನ ಕೂದಲಿಗೋ ಏನೋ. "ತಂಗಿ, ಇನ್ನೊಂದ್ಸಲ ಹೇಳಮ್ಮ," ಎಂದರು.

ಅವಳು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತುಟಿ ಅಲುಗಿತು. ತಡವಾಯಿತು. ನಾವೆಲ್ಲ ಕಾದೆವು.

"ನಮ್ಮದಲ್ಲ," ಎಂದಳು.